ಎಡಗೈಗೊಂದು ಗ್ರೀಸ್ ಗನ್

ಔರಾದಿನ ಬಿಡಿಭಾಗದ ಅಂಗಡಿಯವನು ನನ್ನನ್ನು ನೋಡಿ ಮೊದಲು ಕೇಳಿದ್ದು ಒಂದೇ ಮಾತು: "ಮನ್ಯಾಗ ಗಂಡಸರು ಯಾರೂ ಇಲ್ಲೇನ್ರಿ ಬಾಯಿ?"

"ಇದ್ದಾರ್ರಿ. ಅವರಿಗೇ ಬೇಕಾಗ್ಯದ," ಅಂದೆ.

ನಾನು ಕೇಳಿದ್ದು ಗ್ರೀಸ್ ಗನ್. ಬ್ಯಾಟರಿಯದು, ಒಂದೇ ಕೈಯಲ್ಲಿ ನಡೆಯುವಂಥದು. ಅವನು ಗೋಡೆಗೆ ನೇತುಹಾಕಿದ್ದ ಕೈಪಂಪು ತೆಗೆದು ಮೇಜಿನ ಮೇಲಿಟ್ಟ. ಅಂಥದು ನಮ್ಮ ಮನೆಯಲ್ಲೂ ಇತ್ತು. ಉದ್ದ ಕೊಳವೆಯ ತುಂಬ ಗ್ರೀಸು, ತಲೆಯ ಹತ್ತಿರ ಒಂದು ಹಿಡಿಕೆ. ಒಂದು ಕೈಯಲ್ಲಿ ಕೊಳವೆ ಹಿಡಿದು ಇನ್ನೊಂದು ಕೈಯಲ್ಲಿ ಹಿಡಿಕೆ ಒತ್ತಬೇಕು. ಎರಡು ಕೈ ಇದ್ದವರಿಗೆ ಅದು ಆಟ.

"ಇಡೀ ತಾಲೂಕ ಇದ್ರಾಗೇ ನಡೀತದ್ರಿ. ಬ್ಯಾಟರೀದು ಯಾಕ? ಒಬ್ಬ ಆಳಿಗಿ ಹೇಳಿದ್ರ ಹೊಡದು ಕೊಡ್ತಾನ," ಅಂದ ಅಂಗಡಿಯವನು.

ಆಳಿಗೆ ಹೇಳುವುದಾಗಿದ್ದರೆ ನಾನು ಬಸ್ಸು ಹತ್ತಿ ಔರಾದಿಗೆ ಯಾಕೆ ಬರುತ್ತಿದ್ದೆ? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೀದರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿಯುವಾಗ ಡಾಕ್ಟರರೂ ನನ್ನ ಮುಖ ನೋಡಿಕೊಂಡೇ ಮಾತು ಶುರುಮಾಡುತ್ತಿದ್ದರು. ಆ ದಿನ ಮಾತ್ರ ಕೊಡೆಯ ಜೊತೆ ಸಿಟ್ಟನ್ನೂ ಎತ್ತಿಕೊಂಡು ಹೊರಬಿದ್ದೆ. ಅಂಗಡಿಯವನದೇನೂ ತಪ್ಪಿರಲಿಲ್ಲ.

ನನ್ನ ಗಂಡನದು ರಾಶಿ ಮಷೀನು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಹೊಲಕ್ಕೆ ಒಯ್ಯುವುದು, ಕೊಯ್ದ ಸೋಯಾ, ತೊಗರಿ, ಜೋಳ ಅದರ ಬಾಯಿಗೆ ತುಂಬುವುದು, ಕಾಳು ಒಂದು ಕಡೆ ಹೊಟ್ಟು ಇನ್ನೊಂದು ಕಡೆ ಬೀಳುವುದು. ಠಾಣಾ ಕುಶನೂರಿನ ಸುತ್ತ ಅವರು ರಾಶಿ ಮಾಡದ ಹೊಲವಿಲ್ಲ. ನನ್ನ ನೌಕರಿ ಬೀದರಿನಲ್ಲಿ, ಅವರ ಮಷೀನು ಊರಿನಲ್ಲಿ. ಮದುವೆಯಾದ ಮೇಲೆ ಎಷ್ಟೋ ವರ್ಷ ನಾವು ಭಾನುವಾರದ ಗಂಡ ಹೆಂಡತಿ. ಚರ್ಚಿನಲ್ಲಿ ಪಕ್ಕಕ್ಕೆ ಬಂದು ಕೂತರೆ ಸೋಪು ಹಚ್ಚಿ ತಿಕ್ಕಿದ ಕೈಯಿಂದಲೂ ಗ್ರೀಸಿನ ವಾಸನೆ ಬರುತ್ತಿತ್ತು. ನಿವೃತ್ತಿಯಾಗಿ ಊರಿಗೆ ಬಂದ ಮೇಲೇ ನನಗೆ ತಿಳಿದದ್ದು, ಆ ಮನೆಯಲ್ಲಿ ನಾನು ಎರಡನೆಯವಳು ಅಂತ.

ಎಲ್ಲರೂ ಗ್ರೀಸ್ ಹೊಡೆಯುವುದು ಅನ್ನುತ್ತಾರೆ. ಅವರು ಉಣಿಸುವುದು ಅನ್ನುತ್ತಿದ್ದರು. ಮುಂಜಾನೆ ಎದ್ದವರು ಚಹಾ ಕೂಡ ಕುಡಿಯದೆ ಅಂಗಳಕ್ಕೆ ಇಳಿಯುತ್ತಿದ್ದರು. "ಮಷೀನಿಗಿ ಉಣಸಿ ಬರ್ತೇನಿ, ಆಮ್ಯಾಲ ನನಗ ಹಾಕು." ಆಳುಗಳಿದ್ದರು, ಡ್ರೈವರ್ ಇದ್ದ, ಆದರೆ ಆ ಕೆಲಸ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಉಣಿಸಲು ಬಾರದವನು ಮಷೀನನ್ನು ಇನ್ನೊಬ್ಬರ ಹೊಲಕ್ಕೆ ಒಯ್ಯಬಾರದು ಅನ್ನುವುದು ಅವರ ಕಾನೂನು. ಆ ಕಾನೂನು ಮಾಡಿದವರೂ ಅವರೇ, ಪಾಲಿಸುವವರೂ ಅವರೊಬ್ಬರೇ.

ಮಳೆಗಾಲದ ಒಂದು ಮುಂಜಾನೆ ಚಹಾದ ಬಟ್ಟಲು ಅವರ ಕೈಯಿಂದ ಜಾರಿತು. ಅವರು ಬಟ್ಟಲಿನ ಕಡೆ ನೋಡಿದರು, ನಾನು ಅವರ ಬಾಯಿಯ ಕಡೆ ನೋಡಿದೆ. ಬಾಯಿ ಒಂದು ಕಡೆ ಇಳಿದಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಬೀದರಿಗೆ ಒಯ್ದೆವು. ಜೀವ ಉಳಿಯಿತು. ಮಾತು ಮೆಲ್ಲಗೆ ತಿರುಗಿ ಬಂತು, ಕಾಲು ಎಳೆದುಕೊಂಡಾದರೂ ನಡೆಯಿತು. ಬಲಗೈ ಬರಲಿಲ್ಲ. ಭುಜದಿಂದ ಎತ್ತಿ ಇಡಬಹುದು, ಅಷ್ಟೇ. ಬೆರಳು ಏನನ್ನೂ ಹಿಡಿಯವು. ಮುಟ್ಟಿದರೆ ತಿಳಿಯದು, ಸೂಜಿ ಚುಚ್ಚಿದರೂ ತಿಳಿಯದು. ನಮ್ಮ ಕಡೆ ಲಕ್ವಾ ಹೊಡೆಯಿತು ಅನ್ನುತ್ತಾರೆ. ಹೊಡೆದದ್ದು ಯಾರು, ಯಾಕೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಪಾಸ್ಟರ್ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಮುಗಿದ ಮೇಲೆ ಇವರು ತೊದಲುತ್ತಲೇ, "ಅಂಗಳದಾಗ ಮಷೀನದ, ಅದಕ್ಕೂ ಒಂದೀಟು ಮಾಡಿ ಹೋಗ್ರಿ," ಅಂದರು.

ಸೋಯಾ ರಾಶಿಯ ಹಂಗಾಮು ಬಂತು, ಹೋಯಿತು. ಮಷೀನು ತಾಡಪತ್ರಿ ಹೊದ್ದುಕೊಂಡು ಅಂಗಳದಲ್ಲೇ ನಿಂತಿತು. ಕೇಳಿಕೊಂಡು ಬಂದವರಿಗೆಲ್ಲ ಇವರು ಒಳಗಿನಿಂದಲೇ ಇಲ್ಲ ಅಂತ ಹೇಳಿಸಿದರು. ಡ್ರೈವರ್, "ಕಾಕಾ, ನಾ ಗ್ರೀಸ್ ಹೊಡೀತೇನಿ, ನೀವು ಕುರ್ಚಿ ಮ್ಯಾಲ ಕೂತು ನೋಡ್ರಿ," ಅಂದ. ಅವನ ಜೊತೆ ಮಾತು ಬಿಟ್ಟರು. ಊಟವೂ ಕಡಿಮೆಯಾಯಿತು. ತಟ್ಟೆಯ ಮುಂದೆ ಕೂತು ಎಡಗೈಯಿಂದ ರೊಟ್ಟಿ ಮುರಿಯಲು ಹೋಗಿ, ತಟ್ಟೆ ಸರಿದು, ಎದ್ದುಬಿಡುತ್ತಿದ್ದರು. ನಾನು ತುತ್ತು ಮಾಡಿ ಕೊಡಲು ಹೋದರೆ ಮುಖ ತಿರುಗಿಸುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಕೈಯೇ ಇಲ್ಲದಾದವರ ಬಾಯಿಗೆ ಏನು ಅಂತ ಆ ಗಾದೆ ಕಟ್ಟಿದವರು ಹೇಳಿಲ್ಲ.

ಒಂದು ದಿನ ತಾಡಪತ್ರಿಯ ಕಡೆ ನೋಡುತ್ತ ಅಂದರು: "ತೊಗರಿ ರಾಶಿಗಿ ನಾ ಹೋಗ್ಲಿಲ್ಲಂದ್ರ ಅದನ್ನ ಮಾರಿಬಿಡ್ತೇನಿ. ಆಮ್ಯಾಲ ನನ್ನ ಕತಿನೂ ಮುಗೀತು ನೋಡು."

ಇಂಥ ಮಾತು ವಾರ್ಡಿನಲ್ಲಿ ಬಹಳ ಕೇಳಿದ್ದೇನೆ. ಅರ್ಧದಷ್ಟು ಜನ ಸುಮ್ಮನೆ ಅನ್ನುತ್ತಾರೆ. ಉಳಿದವರು ಅನ್ನುತ್ತಾರೆ, ಮತ್ತೆ ಗೋಡೆಯ ಕಡೆ ತಿರುಗಿ ಮಲಗಿ ನಿಜವಾಗಿಯೂ ಹೋಗಿಬಿಡುತ್ತಾರೆ. ಇವರು ಎರಡನೆಯ ಗುಂಪಿನವರು ಅಂತ ನನಗೆ ಅನ್ನಿಸಿತು, ಹೆದರಿದೆ. ಹೆದರಿದಾಗ ನಾನು ಕೂರುವವಳಲ್ಲ. ಒಂದು ಕೈಯಲ್ಲಿ ನಡೆಯುವ ಗ್ರೀಸ್ ಗನ್ ಲೋಕದಲ್ಲಿ ಇದ್ದೇ ಇರಬೇಕು, ಅದನ್ನು ತೊಗರಿಯ ರಾಶಿಗೆ ಮುಂಚೆ ತರಬೇಕು ಅಂತ ಹಟ ಹಿಡಿದೆ.

ಔರಾದಿನಲ್ಲಿ ಸಿಗಲಿಲ್ಲ. ಮರುವಾರ ಭಾಲ್ಕಿಗೆ ಹೋದೆ.

ಭಾಲ್ಕಿಯ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಒಂದಿತ್ತು. ಡಬ್ಬಿಯಿಂದ ತೆಗೆದು ನನ್ನ ಮುಂದಿಟ್ಟರು. ದೊಡ್ಡ ಬ್ಯಾಟರಿ, ದಪ್ಪ ಕೊಳವೆ, ನೋಡಲು ಗಟ್ಟಿಮುಟ್ಟು. ನಾನು ಬಲಗೈಗೆ ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಡಗೈಯಿಂದ ಎತ್ತಿದೆ. ಅಂಗಡಿಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡತೊಡಗಿದರು.

"ಕೈಗಿ ಏನಾಗ್ಯದ್ರಿ ತಾಯಿ?"

"ಏನೂ ಆಗಿಲ್ರಿ. ಹಿಂಗೇ ನೋಡ್ಲತೇನಿ."

ಎತ್ತಿದ್ದೇ ತಡ, ಮಣಿಕಟ್ಟು ತಿರುಗಿ ಅದರ ಮೂತಿ ಮೇಜಿಗೆ ಬಡಿಯಿತು. ಭಾರವಾದರೂ ಹೇಗೋ ಸಂಭಾಳಿಸಬಹುದಿತ್ತು; ತೊಂದರೆ ಪೈಪಿನ ತುದಿಯಲ್ಲಿತ್ತು. ಮಷೀನಿನ ಬೇರಿಂಗಿನ ಮೇಲೆ ಸಣ್ಣ ಗುಂಡಿಯಂಥ ನಿಪ್ಪಲ್ ಇರುತ್ತದೆ, ಗ್ರೀಸು ಅದರಿಂದಲೇ ಒಳಗೆ ಹೋಗಬೇಕು. ಈ ಗನ್ನಿನ ತುದಿಯನ್ನು ಅದರ ಮೇಲೆ ಒತ್ತಿ ಹಿಡಿದೇ ಇರಬೇಕಿತ್ತು, ಬಿಟ್ಟರೆ ಜಾರುತ್ತಿತ್ತು. ಒಂದು ಕೈ ತುದಿಗೆ, ಒಂದು ಕೈ ಗನ್ನಿಗೆ. ಬ್ಯಾಟರಿ ಹಾಕಿಯೂ ಎರಡು ಕೈಯೇ ಬೇಕಾದರೆ ಬ್ಯಾಟರಿ ಯಾಕೆ?

"ಇಬ್ಬರ ಕೆಲಸ ಒಬ್ಬರು ಮಾಡ್ತೇನಿ ಅಂದ್ರ ಹ್ಯಾಂಗ್ರಿ," ಅಂತ ಅವರು ನಕ್ಕರು. ಒಂದು ಕೈಯ ಕೆಲಸ ಅದು, ಮೂರ್ಖರಾ, ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಸೆರಗು ಬಿಚ್ಚಿ, ಬಸ್‌ಸ್ಟ್ಯಾಂಡಿಗೆ ನಡೆದೆ.

ಕೊನೆಗೆ ಸಿಕ್ಕಿದ್ದು ಬೀದರಿನಲ್ಲಿ, ಉದಗೀರ ರಸ್ತೆಯ ಒಂದು ಚಿಕ್ಕ ಅಂಗಡಿಯಲ್ಲಿ. ಅಂಗಡಿಯವರು ಮನೆಮಂದಿಯ ಜೊತೆ ದಖನಿ ಉರ್ದು ಮಾತಾಡುವವರು, ಗಿರಾಕಿಯ ಜೊತೆ ನಮ್ಮ ಕನ್ನಡ. ನಾನು ಬಲಗೈ ಸುತ್ತಿಕೊಂಡದ್ದನ್ನು ನೋಡಿ ನಗಲಿಲ್ಲ.

"ಲಕ್ವಾ ಏನ್ರಿ ಆಪಾ? ಯಾರಿಗಿ?"

"ನಮ್ಮೋರಿಗಿ."

ಅವರು ಒಳಗೆ ಹೋಗಿ ಮೂರು ಗನ್ ತಂದರು. ಒಂದು ಬಹಳ ಸಣ್ಣದು. ಹಗುರ, ಆದರೆ ಗಟ್ಟಿಯಾದ ಗ್ರೀಸನ್ನು ನೂಕುವ ಜೋರು ಇಲ್ಲ ಅಂತ ಅವರೇ ಪಕ್ಕಕ್ಕಿಟ್ಟರು. ಒಂದು ಭಾಲ್ಕಿಯದರ ತಮ್ಮ. ಮೂರನೆಯದಕ್ಕೆ ಭುಜಕ್ಕೆ ಹಾಕಿಕೊಳ್ಳುವ ಪಟ್ಟಿ ಇತ್ತು, ಭಾರವೆಲ್ಲ ಭುಜದ ಮೇಲೆ. ಪೈಪು ಉದ್ದ. ತುದಿಯಲ್ಲಿ ಹೆಬ್ಬೆರಳಿನಿಂದ ಒತ್ತುವ ಒಂದು ಸಣ್ಣ ಕೀಲು. ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ನಿಪ್ಪಲ್ಲನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ಅದೇ ಕೈಯನ್ನು ಗನ್ನಿಗೆ ತಂದು ಗುಂಡಿ ಒತ್ತಬಹುದು.

ಅವರು ನಿಪ್ಪಲ್ ಇದ್ದ ಗುಜರಿಯ ಒಂದು ತುಂಡು ತಂದು ನನ್ನ ಮುಂದಿಟ್ಟರು. ಎಡ ಹೆಬ್ಬೆರಳಿನಿಂದ ಒತ್ತಿ, ನಿಪ್ಪಲ್ಲಿಗೆ ಸಿಕ್ಕಿಸಿ, ಬಿಟ್ಟೆ. ಕಚ್ಚಿಕೊಂಡಿತು. ಎಳೆದು ನೋಡಿದೆ, ಬರಲಿಲ್ಲ. ಕೈ ತೆಗೆದು ಗುಂಡಿ ಒತ್ತಿದೆ. ಕರ್ರ್ ಅಂತ ಸದ್ದು ಮಾಡಿ ತುಂಡಿನ ಇನ್ನೊಂದು ಕಡೆಯಿಂದ ಗ್ರೀಸು ಹೊರಬಂತು. ಮೊದಲ ಹೆರಿಗೆ ಮಾಡಿಸಿದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅಂಗಡಿಯವರು ಅದನ್ನು ನೋಡದವರ ಹಾಗೆ ಬ್ಯಾಟರಿ ಚಾರ್ಜಿಗೆ ಹಾಕಿದರು.

"ಒಂದ ಮಾತ ಹೇಳ್ತೇನ್ರಿ ಆಪಾ. ಕೈಪಂಪಿನಾಗ ಬೇರಿಂಗ ಭರ್ತಿ ಆದ್ರ ಹಿಡಿಕಿ ಬಿಗಿ ಆಗ್ತದ, ಕೈಗಿ ಗೊತ್ತಾಗ್ತದ. ಇದ್ರಾಗ ಕೈಗಿ ಗೊತ್ತಾಗಂಗಿಲ್ಲ. ಕಿವಿ ಕೊಡಬೇಕು. ದನಿ ಭಾರ ಆತಂದ್ರ ಬಿಟ್ಟುಬಿಡ್ರಿ. ಇಲ್ಲಂದ್ರ ಬೇರಿಂಗಿನ ರಬ್ಬರ ಒಡದು, ಧೂಳ ಹೊಕ್ಕು, ಬೇರಿಂಗ ಕಾಯ್ದು ಕೆಂಡ ಆಗ್ತದ."

ಮನೆಗೆ ಬಂದು ಆ ಮಾತನ್ನು ಚಾಚೂ ತಪ್ಪದೆ ಇವರಿಗೆ ಒಪ್ಪಿಸಿದೆ.

ಇವರು ಮೊದಲು ಗನ್ನನ್ನು ನೋಡಿದರು, ಆಮೇಲೆ ನನ್ನನ್ನು. "ನರ್ಸಬಾಯಿ, ಬಂದೂಕ ತಂದಿ ಏನು? ಯಾರಿಗಿ ಹೊಡೀಬೇಕಂತಿ?" ಮಳೆಗಾಲದಿಂದೀಚೆಗೆ ಅವರು ಮಾಡಿದ ಮೊದಲ ಚೇಷ್ಟೆ ಅದು. "ಜಾಸ್ತಿ ಮಾತಾಡಿದ್ರ ನಿಮಗೇ," ಅಂದೆ.

ಗ್ರೀಸ್ ತುಂಬಲು ಮಾತ್ರ ಎರಡು ಕೈ ಬೇಕಿತ್ತು. ಕಾನೂನಿನ ಪ್ರಶ್ನೆ ಬಂತು. ಅರ್ಧ ದಿನ ಯೋಚಿಸಿ ಅವರೇ ತೀರ್ಪು ಕೊಟ್ಟರು: ತುಂಬುವುದು ಅಡುಗೆಯ ಕೆಲಸ, ಅದು ಹೆಂಡತಿಯದು, ಉಣಿಸುವುದು ತನ್ನದು. ನಾನು ಡಬ್ಬಿಯಿಂದ ಗ್ರೀಸ್ ಬಗೆದು ಕೊಳವೆಗೆ ತುಂಬಿ, ಕೈ ತೊಳೆದು, ರೊಟ್ಟಿ ಬಡಿಯುತ್ತಿದ್ದೆ. ಅವರು ತಾಡಪತ್ರಿ ತೆಗೆಸಿ, ಗನ್ನಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡುತ್ತಿದ್ದರು. ದನಿ ಭಾರವಾಗುವುದು ನನಗೆ ಕೇಳುವ ಮುಂಚೆ ಅವರಿಗೆ ಕೇಳುತ್ತಿತ್ತು. ಹೊಟ್ಟೆತುಂಬ ಊಟ ಮಾಡತೊಡಗಿದರು. ತುತ್ತು ಮಾಡಿ ಕೊಟ್ಟರೂ ಮುಖ ತಿರುಗಿಸಲಿಲ್ಲ. ಡ್ರೈವರನ ಜೊತೆ ಮಾತು ಬಿಟ್ಟಿದ್ದನ್ನೂ ಮರೆತರು. ಮನುಷ್ಯನಿಗೆ ಜೀವ ತಿರುಗಿ ಬರುವುದನ್ನು ವಾರ್ಡಿನಲ್ಲಿ ಕಂಡಿದ್ದೆ. ನನ್ನದೇ ಅಂಗಳದಲ್ಲಿ ಕಂಡದ್ದು ಅದೇ ಮೊದಲು.

ತೊಗರಿ ಒಣಗಿತು. ಮೊದಲ ಕರೆ ಡಾಬಕಾದಿಂದ ಬಂತು, ಹಳೆಯ ಗಿರಾಕಿ. ಟ್ರ್ಯಾಕ್ಟರಿನಲ್ಲಿ ಡ್ರೈವರನ ಪಕ್ಕ ಇವರು, ಹಿಂದಿನಿಂದ ಪಕ್ಕದ ಮನೆಯವರ ಜೀಪಿನಲ್ಲಿ ನಾನು. ಒಬ್ಬರನ್ನೇ ಕಳಿಸಲು ನನಗೆ ಧೈರ್ಯ ಇರಲಿಲ್ಲ.

ನಮ್ಮ ಕಡೆ ಒಂದು ರೂಢಿ ಇದೆ. ಅಂಗಳದಲ್ಲಿ ಮುಂಜಾನೆ ನಿಂತ ಮಷೀನಿಗೆ ಗ್ರೀಸ್ ಹಾಕಿದರೂ, ಹೊಲದಲ್ಲಿ ರಾಶಿ ಶುರುಮಾಡುವ ಮುಂಚೆ ಅದನ್ನು ಮೆಲ್ಲಗೆ ತಿರುಗಲು ಬಿಟ್ಟು ಇನ್ನೊಮ್ಮೆ ಹಾಕುತ್ತಾರೆ. ಈ ರೂಢಿಯಿಂದ ಬೆರಳು ಕಳಕೊಂಡವರ ಕೈಗೆ ನಾನು ಎಷ್ಟು ಸಲ ಪಟ್ಟಿ ಕಟ್ಟಿದ್ದೇನೋ. "ಬಂದ್ ಮಾಡಿ ಹಾಕ್ರಿ," ಅಂತ ಗದರಿದೆ.

"ನಿಂತಾಗ ಉಣಸಿದ್ರ ಒಂದೇ ಕಡಿ ಕೂಡ್ತದ. ತಿರುಗುವಾಗ್ಲೇ ಉಣಸಬೇಕು. ನೀ ಸುಮ್ನಿರು."

ಪೈಪು ಉದ್ದವಿತ್ತು, ಅವರು ತಿರುಗುವ ಪಟ್ಟಾದಿಂದ, ಅಂದರೆ ಬೆಲ್ಟಿನಿಂದ, ದೂರವೇ ನಿಂತರು. ಆದರೂ ನಾನು ಅವರ ತೋಳು, ಧೋತರದ ಅಂಚು, ಕಾಲು ಇವುಗಳ ಮೇಲೇ ಕಣ್ಣಿಟ್ಟೆ. ಗನ್ನಿನ ಕಡೆ ನನ್ನ ಲಕ್ಷ್ಯ ಹೋಗಲಿಲ್ಲ. ಟ್ರ್ಯಾಕ್ಟರ್ ಗುಡುಗುಟ್ಟುತ್ತಿತ್ತು, ಮಷೀನು ಗಡಗಡ ಅನ್ನುತ್ತಿತ್ತು. ಇವರು ತಲೆ ಬಾಗಿಸಿ, ಗನ್ನಿಗೆ ಕಿವಿ ತಂದು, ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದರು. ಮನೆಯ ಅಂಗಳದಲ್ಲಿ ಕೇಳಿದ ದನಿಗಾಗಿ ಕಾಯುತ್ತಿದ್ದರು. ಆ ಗದ್ದಲದಲ್ಲಿ ಅದು ಯಾರಿಗೂ ಕೇಳುವಂತಿರಲಿಲ್ಲ. ಕೇಳಿಲ್ಲ ಅಂದರೆ ಇನ್ನೂ ತುಂಬಿಲ್ಲ ಅಂತ ಅವರ ಲೆಕ್ಕ. ಒತ್ತುತ್ತಲೇ ಇದ್ದರು.

ರಾಶಿ ಶುರುವಾಯಿತು. ಕಾಳು ಬೀಳತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ಮಷೀನಿನವರೆಲ್ಲ ಮಾಡುವುದನ್ನೇ ಇವರೂ ಮಾಡಿದರು: ಪಕ್ಕಕ್ಕೆ ಹೋಗಿ ಬೇರಿಂಗಿನ ಮೇಲಿನ ಕಬ್ಬಿಣದ ಗೂಡಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುವುದು. ಅಂಗೈ ನಿಂತರೆ ಮಷೀನು ಆರಾಮ, ನಿಲ್ಲದಿದ್ದರೆ ಬಂದ್ ಮಾಡಬೇಕು. ಎಡಭುಜಕ್ಕೆ ಗನ್ನಿತ್ತು, ಎಡಗೈಯಲ್ಲಿ ಪೈಪಿತ್ತು. ಖಾಲಿ ಇದ್ದದ್ದು ಬಲಗೈ. ಜನ್ಮವಿಡೀ ಬಿಸಿ ನೋಡಿದ್ದೂ ಅದೇ ಕೈ. ಭುಜದಿಂದ ಎತ್ತಿ ಅದನ್ನು ಕಬ್ಬಿಣದ ಮೇಲೆ ಇಟ್ಟರು.

"ತಣ್ಣಗದ," ಅಂತ ಡ್ರೈವರನಿಗೆ ಕೂಗಿದರು. "ಜೋರ ಮಾಡು!"

ಕೈ ತೆಗೆಯಲಿಲ್ಲ. ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಿಲ್ಲುವವರ ಹಾಗೆ ಅದರ ಮೇಲೆ ಒರಗಿ ನಿಂತು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಆ ನಗೆಗಾಗಿಯೇ ಅಲ್ಲವೇ ನಾನು ಮೂರೂರು ತಿರುಗಿದ್ದು.

ಆಗ ಅವರು ಮೂಗೆತ್ತಿ ಗಾಳಿ ಮೂಸಿದರು. "ಏ, ಪಟ್ಟಾ ಸುಡ್ಲತದ! ನೋಡ್ರಿ, ಪಟ್ಟಾ ಸುಡ್ಲತದ!"

ಡ್ರೈವರ್ ಪಟ್ಟಾದ ಕಡೆ ಓಡಿದ. ಹೊಲದ ಮಾಲೀಕ ಹೊಟ್ಟಿನ ಕಡೆ ಓಡಿದ. ಪಟ್ಟಾ ಸುಟ್ಟ ವಾಸನೆ ಅವರಿಗೆಲ್ಲ ಗೊತ್ತು. ಇದು ಯಾವುದರ ವಾಸನೆ ಅಂತ ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸುಟ್ಟಗಾಯದವರ ವಾರ್ಡಿನಲ್ಲಿ ವರ್ಷಗಟ್ಟಲೆ ಅದನ್ನು ಉಸಿರಾಡಿದ್ದೇನೆ. ಓಡಿಹೋಗಿ ಅವರ ತೋಳು ಹಿಡಿದು ಕಿತ್ತೆ. ಅಂಗೈಯ ಚರ್ಮ ಕಬ್ಬಿಣದ ಮೇಲೆ ಉಳಿಯಿತು.

ಅವರು ತಮ್ಮ ಅಂಗೈ ನೋಡಿದರು, ಆಮೇಲೆ ಬೇರಿಂಗ್ ನೋಡಿದರು. ಗೂಡಿನ ಸಂದಿಯಿಂದ ಗ್ರೀಸು ಕರಗಿ ಸೋರಿ ಹೊಗೆಯಾಡುತ್ತಿತ್ತು. "ರಬ್ಬರ ಒಡದದ," ಅಂದರು.

ಹೊಲದ ಮಾಲೀಕ ಒಳ್ಳೆಯವನು. "ಇರ್ಲಿ ಬಿಡ್ರಿ ಕಾಕಾ, ಮೊದ್ಲ ಆರಾಮ ಆಗ್ರಿ, ಮುಂದ ನೋಡಮು," ಅಂದ. ನಾವು ಹೊರಡುವಷ್ಟರಲ್ಲಿ ಮಹಾರಾಷ್ಟ್ರದ ಕಡೆಯ ಇನ್ನೊಂದು ಮಷೀನು ಅವನ ಹೊಲಕ್ಕೆ ಇಳಿಯುತ್ತಿತ್ತು. ಅವನದೂ ತಪ್ಪಿಲ್ಲ. ಈ ಕತೆಯಲ್ಲಿ ಬೈಯಲು ನನಗೆ ಯಾರೂ ಸಿಗುವುದಿಲ್ಲ, ಅದೇ ನನ್ನ ಸಂಕಟ. ಗನ್ ಚೆನ್ನಾಗಿತ್ತು. ಆರಿಸುವುದರಲ್ಲಿ ನಾನು ತಪ್ಪಲಿಲ್ಲ. ಎಡಗೈಗೆ ಬೇಕಾದದ್ದೆಲ್ಲ ನೋಡಿ ನೋಡಿ ತಂದಿದ್ದೆ. ಇವರು ಅಂದ ಹಾಗೆಯೇ ಮಷೀನು ಮಾರಿಬಿಟ್ಟರು. ಅದನ್ನು ಕೊಂಡ ಭಾಲ್ಕಿಯ ಕಡೆಯವನು ಗನ್ನನ್ನೂ ಕೇಳಿ ಒಯ್ದ, ಬಹಳ ಚೊಲೋ ಮಾಲು ಅಂತ ಹೊಗಳಿದ. ಇವರು ಕುರ್ಚಿಯಲ್ಲಿ ಕೂತು ಅಂಗಳದಿಂದ ಮಷೀನು ಹೋಗುವುದನ್ನು ನೋಡಿದರು. ಈಗ ಹೆಚ್ಚಿನ ಹೊತ್ತು ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆ.

ಆದರೆ ನನ್ನ ಮನಸ್ಸಿನಿಂದ ಹೋಗದಿರುವುದು ಡಾಬಕಾದಿಂದ ತಿರುಗಿ ಬಂದ ಆ ಸಂಜೆ. ಆಸ್ಪತ್ರೆಗೆ ಹೋಗೋಣ ಅಂದರೆ, ಆಸ್ಪತ್ರೆ ಮನೆಯಲ್ಲೇ ಇದೆಯಲ್ಲ ಅಂದರು. ಬೆಳಕಿರುವಾಗಲೇ ಅಂಗಳದಲ್ಲಿ ಕೂರಿಸಿಕೊಂಡು ಅಂಗೈ ತೊಳೆದೆ. "ಒಂದೀಟು ತಡಕೋರಿ, ಉರೀತದ," ಅಂತ ರೂಢಿಯ ಮಾತು ಬಾಯಿಂದ ಬಂದುಬಿಟ್ಟಿತು. ಜೀವಮಾನವೆಲ್ಲ ರೋಗಿಗಳಿಗೆ ಅದನ್ನೇ ಹೇಳಿದವಳು.

"ಏನು ತಡಕೊಳ್ಲಿ?" ಅಂದರು.

ನಾನು ಮುಲಾಮು ಹಚ್ಚತೊಡಗಿದೆ. ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. "ಹಂಗಲ್ಲ. ಜೋರಿಲೆ ಒತ್ತು."

"ಹುಚ್ಚ ಹಿಡದದೇನ್ರಿ? ಹಸಿ ಗಾಯ ಅದ."

"ಒತ್ತು ಅಂದ್ನೆಲ್ಲ."

ನರ್ಸ್ ಆದವಳು ಮಾಡಬಾರದ ಕೆಲಸ. ಚರ್ಮ ಹೋದ ಅಂಗೈಯ ನಡುವೆ ಹೆಬ್ಬೆರಳಿಟ್ಟು ಒತ್ತಿದೆ. ಇನ್ನೂ ಅಂದರು, ಇನ್ನೂ ಒತ್ತಿದೆ. ಅವರು ಕೈಯನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನು ನೋಡುತ್ತಿದ್ದರು.

"ನೋವಾಗ್ಲತದೇನು?" ಅಂತ ನನ್ನನ್ನು ಕೇಳಿದರು.

"ಆಗ್ಲತದ್ರಿ," ಅಂದೆ.